ನಾಲ್ಕನೆಯ ತರಗತಿಯ ಮಾದರಿ ಪಾಠ

ಮಾದರಿ ಪಾಠದ ದಿನ ಮಾಯವ್ವನನ್ನು ಶಾಲೆಗೆ ಕಳಿಸಬೇಡ ಎಂದು ಅವಳ ತಾಯಿಗೆ ಹೇಳಿದವಳು ನಾನೇ. ಹೆಡ್‌ಮಾಸ್ತರರು ಹೇಳಿಸಿದರು ಎಂಬುದು ನಿಜ, ಆದರೆ ಹೇಳಿದ ಬಾಯಿ ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ನನ್ನ ಮೇಲೆ ನಿಮಗೆ ಕನಿಕರ ಹುಟ್ಟುವ ಹಾಗೆ ನಾನೇನಾದರೂ ಹೇಳಿದರೆ ಅದನ್ನು ಪೂರ್ತಿ ನಂಬಬೇಡಿ.

ನನ್ನ ಹೆಸರು ನೇತ್ರಾ. ಬನಹಟ್ಟಿಯ ನೇಕಾರರ ಓಣಿಯೊಂದರಲ್ಲಿರುವ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿ ನನ್ನದು. ಹದಿನೇಳು ವರ್ಷದ ಸರ್ವಿಸಿನಲ್ಲಿ ಹದಿನಾರು ವರ್ಷ ನಾನು ಹೆಸರಿಗಷ್ಟೇ ಟೀಚರ್ ಆಗಿದ್ದೆ. ನನ್ನ ದನಿ ಹುಟ್ಟಿನಿಂದಲೇ ಸಣ್ಣದು. ಬೀಳಗಿ ತಾಲೂಕಿನ ಹಳ್ಳಿಯಲ್ಲಿ ನೌಕರಿಗೆ ಸೇರಿದ ಮೊದಲ ವರ್ಷವೇ ತಪಾಸಣೆಗೆ ಬಂದವರೊಬ್ಬರು ತರಗತಿಯ ನಡುವೆ ನಿಂತು, "ಟೀಚರ್, ನಿಮ್ಮ ಪಾಠ ನಿಮಗರ ಕೇಳಸ್ತೈತೇನ್ರಿ?" ಎಂದಿದ್ದರು. ಮಕ್ಕಳೂ ನಕ್ಕವು. ಅವತ್ತಿನಿಂದ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ನನ್ನ ಕೈಯಲ್ಲಿಯ ಸುಣ್ಣದ ಕಡ್ಡಿ ನಡುಗುತ್ತಿತ್ತು. ಆಮೇಲೆ ಜಮಖಂಡಿಯಲ್ಲಿ, ಮುಧೋಳದಲ್ಲಿ, ಎಲ್ಲೆಲ್ಲೋ ತರಬೇತಿಗಳಾದವು. ಆತ್ಮವಿಶ್ವಾಸದ ಮೇಲೆ ನನ್ನ ಹತ್ತಿರ ಐದು ಪ್ರಮಾಣಪತ್ರಗಳಿವೆ. ಆತ್ಮವಿಶ್ವಾಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿ ಸಿಕ್ಕಿತು, ಮಧ್ಯಾಹ್ನದ ಊಟ ಸಹಿತ.

ಹೋದ ಜೂನಿನಲ್ಲಿ ನನ್ನ ಹುಟ್ಟೂರಾದ ಬನಹಟ್ಟಿಗೇ ವರ್ಗವಾಯಿತು. ಈ ಶಾಲೆಯ ಎರಡೂ ಬದಿಗೆ ಪಾವರ್‌ಲೂಮುಗಳಿವೆ. ಮುಂಜಾನೆ ಶುರುವಾದ ಸಪ್ಪಳ ಕರೆಂಟು ಹೋದಾಗಷ್ಟೇ ನಿಲ್ಲುತ್ತದೆ. ಹೊರಗಿನಿಂದ ಬಂದ ಮಾಸ್ತರರು ಇಲ್ಲಿ ಒಂದೇ ವರ್ಷದಲ್ಲಿ ಗಂಟಲು ಕೆಡಿಸಿಕೊಂಡು ವರ್ಗಾವಣೆಗೆ ಅರ್ಜಿ ಹಾಕುತ್ತಾರೆ. ನನಗೆ ಮಾತ್ರ ಅದು ತವರಿನ ಸಪ್ಪಳ. ನನ್ನವ್ವ ಅನಸವ್ವ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಒಮ್ಮೆಯೂ ಕೂಗಿ ಮಾತಾಡಿದವಳಲ್ಲ. ಮಗ್ಗದ ಆಚೆಯಿಂದ ಬರಿ ತುಟಿ ಆಡಿಸಿದರೆ, ಈಚೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ನನಗೆ ಪೂರ್ತಿ ತಿಳಿಯುತ್ತಿತ್ತು. ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ ನೋಡು, ಅತ್ತೆ ಬಂದಳು ಬಾಯಿ ಮುಚ್ಚು, ಎಲ್ಲವನ್ನೂ ಅವಳು ಹಾಗೆಯೇ ಹೇಳುತ್ತಿದ್ದಳು. ಮಗ್ಗದ ಮನೆಯಲ್ಲಿ ಬೆಳೆದ ಯಾರಿಗೇ ಆದರೂ ಎದುರಿನವರ ತುಟಿಯ ಮೇಲಿನ ಮಾತು ತಿಳಿಯುತ್ತದೆ. ನಡೆಯಲು ಬರುತ್ತದೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲವಲ್ಲ, ಹಾಗೆ ಇದನ್ನೂ ಯಾರೂ ಹೇಳಿಕೊಳ್ಳುವುದಿಲ್ಲ. ತಮ್ಮ ತುಟಿ ಆಡುತ್ತಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಇಲ್ಲಿಗೆ ಬಂದ ಎರಡೇ ತಿಂಗಳಲ್ಲಿ ನನ್ನ ತರಗತಿ ನೀರು ಕುಡಿದ ಹಾಗೆ ಓದತೊಡಗಿತು. ನಾನು ಮುಂದೆ ನಿಂತು ಪುಸ್ತಕ ಹಿಡಿಯುತ್ತಿದ್ದೆ, ಒಬ್ಬೊಬ್ಬರೇ ಎದ್ದು ಓದುತ್ತಿದ್ದರು. ಒತ್ತಕ್ಷರ ಬಂದರೂ ತಡವರಿಸುತ್ತಿರಲಿಲ್ಲ. ನಾಲಿಗೆ ಹೊರಳದ ಮಕ್ಕಳನ್ನೇ ಹದಿನಾರು ವರ್ಷ ಕಂಡವಳಿಗೆ ಇದು ಕನಸಿನ ಹಾಗಿತ್ತು. ಹೆಡ್‌ಮಾಸ್ತರ್ ಶಿದ್ರಾಮಪ್ಪ ಒಂದು ದಿನ ಕಿಟಕಿಯಲ್ಲಿ ನಿಂತು ಕೇಳಿ ಒಳಗೇ ಬಂದುಬಿಟ್ಟರು.

"ಅಕ್ಕೋರ, ಏನ್ ಮಾಡೀರಿ ಇವಕ್ಕ? ಹೋದ ವರ್ಷ ಇವ ಮಕ್ಕಳು ತಮ್ಮ ಹೆಸರ ಓದಾಕ ಬೆವರತಿದ್ದುವು."

"ಏನಿಲ್ರಿ ಸರ್, ಪ್ರೀತಿಯಿಂದ ಕಲಿಸೀನ್ರಿ," ಎಂದೆ. ಆ ಮಾತು ಹೇಳುವಾಗ ಎಷ್ಟು ಹಿಗ್ಗಾಯಿತೆಂದು ಈಗ ನೆನೆದರೆ ಮೈ ಮೇಲೆ ಮುಳ್ಳು ಏಳುತ್ತವೆ.

ಸುದ್ದಿ ಹಬ್ಬಿತು. ಡಿಸೆಂಬರಿನ ಒಂದು ಸೋಮವಾರ ಜಿಲ್ಲೆಯ ಅಧಿಕಾರಿಗಳು ನನ್ನ ತರಗತಿಯಲ್ಲಿ ಕೂತು ಮಾದರಿ ಪಾಠ ನೋಡುವುದೆಂದಾಯಿತು. ಅದು ಒಪ್ಪಿಗೆಯಾದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಿಕ್ಷಕರಿಗೆಲ್ಲ ನಾನೇ ತರಬೇತಿ ಕೊಡಬೇಕು. ಶಿದ್ರಾಮಪ್ಪನವರು ಶಾಲೆಯ ಗೋಡೆಗೆ ಸುಣ್ಣ ಹೊಡೆಸಿದರು. ನಾನು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದೆ.

ಇಪ್ಪತ್ನಾಲ್ಕು ಮಕ್ಕಳಲ್ಲಿ ಓದದವಳು ಒಬ್ಬಳೇ, ಮಾಯವ್ವ. ಅವಳದು ನೇಕಾರರ ಮನೆಯಲ್ಲ. ರನ್ನ ಬೆಳಗಲಿಯಿಂದ ಬಂದ ಕುಟುಂಬ. ಅಪ್ಪ ನೂಲಿನ ಗೋದಾಮಿನಲ್ಲಿ ಹಮಾಲಿ, ಅವ್ವ ಬೋರವ್ವ ಅಲ್ಲೇ ಕಸ ಗುಡಿಸಿ ಬದಿಯ ಖೋಲಿಯಲ್ಲಿ ಸಂಸಾರ ಮಾಡುತ್ತಿದ್ದಳು. ಓದಲು ಎಬ್ಬಿಸಿದರೆ ಮಾಯವ್ವ ಪುಸ್ತಕದಲ್ಲಿ ಮುಖ ಹುಗಿದು, ಅಕ್ಷರದ ಕೆಳಗೆ ಬೆರಳಿಟ್ಟು, "ಮ... ರ... ಮರ... ದ... ಮರದ..." ಎಂದು ಎಳೆಯುತ್ತಿದ್ದಳು. ಉಳಿದವರು ಪುಟ ಮುಗಿಸುವ ಹೊತ್ತಿಗೆ ಅವಳು ಎರಡನೆಯ ಸಾಲಿನಲ್ಲಿರುತ್ತಿದ್ದಳು. "ಮುಖ ಮ್ಯಾಲೆತ್ತು, ನನ್ನ ಕಡೆ ನೋಡಿ ಓದು," ಎಂದು ಎಷ್ಟು ಸಲ ಗದರಿದೆನೋ. ತಲೆ ಎತ್ತಿದರೆ ಅವಳ ಬಾಯಿ ಪೂರ್ತಿ ನಿಂತುಹೋಗುತ್ತಿತ್ತು. ಇದು ದಡ್ಡತನವಲ್ಲ, ಮೊಂಡತನ ಎಂದುಕೊಂಡೆ. ಆಮೇಲೆ ಎರಡೂ ಹೌದು ಎಂದು ತೀರ್ಮಾನಿಸಿದೆ.

ಮಾದರಿ ಪಾಠದ ಮುಂಚಿನ ಗುರುವಾರ ಶಿದ್ರಾಮಪ್ಪನವರು ಕರೆದು, "ಆ ಹಮಾಲನ ಮಗಳು ಸೋಮವಾರ ಬರೂದ ಬ್ಯಾಡ. ಒಂದ ಕಾಳ ಹುಳುಕಿದ್ರ ಇಡೀ ರಾಶಿಗೆ ಕೆಟ್ಟ ಹೆಸರ. ನೀವ ಹೇಳ್ರಿ, ಹೆಂಗಸರ ಮಾತು ಹೆಂಗಸರ ಕೇಳ್ತಾರ," ಎಂದರು. ಅದೇ ದಿನ ಬೋರವ್ವ ತಾನಾಗಿಯೇ ಶಾಲೆಗೆ ಬಂದಳು. ಕೈಯಲ್ಲಿ ಕಸಬರಿಗೆ ಹಾಗೆಯೇ ಇತ್ತು, ಬಾಗಿಲ ಹೊರಗೆ ನಿಂತಳು.

"ಅಕ್ಕೋರ, ಒಂದ ಮಾತ ಕೇಳಬೇಕಾಗಿತ್ರಿ. ನಮ್ಮ ಮಾಯವ್ವಗ ಓದು ಹತ್ತಾಕತ್ತೈತೇನ್ರಿ?"

"ಯಾಕ?"

"ಅವರಪ್ಪ ದಿನಾ ಒದರ್ತಾನ್ರಿ. ಊರಾಗ ನಮ್ಮಣ್ಣನ ಮನ್ಯಾಗ ಎಮ್ಮಿ ಅದಾವ, ಕೂಸು ಐತಿ, ಮನಿ ಕೆಲಸಕ್ಕ ಒಂದ ಹುಡುಗಿ ಬೇಕಾಗೇದ. ಸಾಲಿಗೆ ಹೋಗಿ ಏನ್ ಕಡದ ಕಟ್ಟಿ ಹಾಕ್ತಾಳ, ಅಲ್ಲಿ ಕಳಸು ಅಂತಾನ. ನಾ ಬ್ಯಾಡಂತೀನ್ರಿ. ಅಕ್ಕೋರನ್ನ ಕೇಳ್ಕೊಂಡ ಬರ್ತೀನಿ, ಅವರು ಕಲೀತಾಳ ಅಂದ್ರ ನಾ ಬಿಡಂಗಿಲ್ಲ ಅಂತ ಹೇಳಿ ಬಂದೀನ್ರಿ."

ಏನು ಪಣಕ್ಕಿದೆ ಎಂದು ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ನಾನು ಒಂದು ಹೂಂ ಅಂದಿದ್ದರೆ ಸಾಕಿತ್ತು. ಆದರೆ ಹೂಂ ಅಂದು, ಅದೇ ಉಸಿರಿನಲ್ಲಿ ಸೋಮವಾರ ಕಳಿಸಬೇಡ ಎಂದು ಹೇಗೆ ಹೇಳುವುದು? ಅಷ್ಟೇ ಯೋಚಿಸಿದೆ. ನನ್ನ ಸೋಮವಾರವೊಂದನ್ನೇ ನೋಡಿಕೊಂಡು ಆ ಹುಡುಗಿಯ ಇಡೀ ಬದುಕಿಗೆ ಉತ್ತರ ಕೊಟ್ಟೆ.

"ಖರೆ ಹೇಳಬೇಕಂದ್ರ ಬೋರವ್ವ, ಆಕಿ ತಲಿಗೆ ಏನೂ ಹತ್ತವಲ್ದು. ಉಳದ ಮಕ್ಕಳು ಓದೂದ ನೋಡಿದ್ರ ಇಕಿಗೆ ಇನ್ನೂ ಅಕ್ಷರ ಕೂಡ್ಸೂದ ಆಗಿಲ್ಲ. ಸೋಮವಾರ ದೊಡ್ಡ ಸಾಹೇಬರು ಬರ್ತಾರ, ಅವತ್ತೊಂದ ದಿನ ಮನ್ಯಾಗ ಇರಲಿ. ಎಲ್ಲಾರ ಮುಂದ ಆಕಿಗೂ ಅವಮಾನ ಆಗೂದ ಬ್ಯಾಡ."

ಬೋರವ್ವ ಕಸಬರಿಗೆಯ ಕಡ್ಡಿಗಳನ್ನು ನೆಟ್ಟಗೆ ಮಾಡಿದಳು. "ಹೌದೇನ್ರಿ," ಎಂದಳು. ಹಿಂದೆ ಮಾಯವ್ವ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದಳೆಂದು ಆಗ ನೋಡಿದೆ. ಅವಳು ಕೇಳಿಸಿಕೊಂಡಿದ್ದಳು. ನಾನು ಹಾಜರಿ ಪುಸ್ತಕ ತೆಗೆದು ಏನೋ ಬರೆಯುವವಳ ಹಾಗೆ ಮಾಡಿದೆ.

ಶನಿವಾರ ಮುಂಜಾನೆಯ ಶಾಲೆ. ಇನ್ನೊಂದು ತಾಸಿಗೆ ಬಿಡುವುದಿತ್ತು. ಸೋಮವಾರದ ತಾಲೀಮಿಗೆಂದು ಅಜಯನನ್ನು ಎಬ್ಬಿಸಿದೆ. ತರಗತಿಯ ಜಾಣ ಅವನೇ, ನಾಲ್ಕು ಪಾವರ್‌ಲೂಮುಗಳ ಮಾಲೀಕನ ಮಗ. ಹಿಂದಿನ ವಾರ ಕಲಿಸಿದ ಪಾಠವನ್ನು ಪೂರ್ತಿ ಓದಿ ಮುಗಿಸಿದ, ಒಂದು ಅಕ್ಷರ ತಪ್ಪಲಿಲ್ಲ. ಬೆನ್ನು ಚಪ್ಪರಿಸಲು ಹತ್ತಿರ ಹೋದೆ. ಅವನ ಕೈಯಲ್ಲಿದ್ದದ್ದು ಗಣಿತದ ಪುಸ್ತಕ.

ಮೊದಲು ನಗು ಬಂತು. ಬಾಯಿಪಾಠ ಮಾಡಿದ್ದಾನೆ ಕಳ್ಳ ಎಂದುಕೊಂಡೆ. ಕನ್ನಡ ಪುಸ್ತಕ ಕೊಟ್ಟು, ಇನ್ನೂ ಕಲಿಸದ ಪಾಠ ತೆಗೆಸಿ, ಮುಂದೆ ಹೋಗಿ ನಿಂತು ಓದು ಎಂದೆ. ಅದನ್ನೂ ಓದಿದ. ಅವನ ಕಣ್ಣು ಪುಸ್ತಕದ ಮೇಲಿರಲಿಲ್ಲ. ನನ್ನ ಮುಖದ ಮೇಲೆ, ಅದರಲ್ಲೂ ಮುಖದ ಕೆಳಭಾಗದಲ್ಲಿತ್ತು. ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಮೇಲಕ್ಕೆತ್ತಿ ಬಾಯಿ ಮುಚ್ಚಿಕೊಂಡೆ.

ಅಜಯ ನಿಂತುಬಿಟ್ಟ. ವಾಕ್ಯದ ನಡುವೆ, ಶಬ್ದದ ನಡುವೆ.

"ಮುಂದ ಓದು," ಎಂದೆ ಪುಸ್ತಕದ ಹಿಂದಿನಿಂದ.

ಅವನು ಕುತ್ತಿಗೆ ಆ ಕಡೆ ಈ ಕಡೆ ವಾಲಿಸಿ ನನ್ನ ಬಾಯಿಯನ್ನು ಹುಡುಕಿದ. ಇನ್ನೊಬ್ಬಳನ್ನು ಎಬ್ಬಿಸಿದೆ. ಆಮೇಲೆ ಮತ್ತೊಬ್ಬನನ್ನು. ಒಬ್ಬೊಬ್ಬರಾಗಿ ಎಲ್ಲರನ್ನೂ ಎಬ್ಬಿಸಿದೆ. ಎದ್ದವರು ಯಾರೂ ಕೂರಲಿಲ್ಲ. ಇಪ್ಪತ್ಮೂರು ಮಕ್ಕಳು ಪುಸ್ತಕ ಹಿಡಿದು ನಿಂತು, ಪುಸ್ತಕ ನೋಡದೆ, ನನ್ನ ಮುಖಕ್ಕೆ ಅಡ್ಡ ಹಿಡಿದ ರಟ್ಟನ್ನು ನೋಡುತ್ತಿದ್ದವು. ಅವಕ್ಕೆ ತಾವು ಮೋಸ ಮಾಡುತ್ತಿದ್ದೇವೆಂಬ ಅರಿವೇ ಇರಲಿಲ್ಲ. ಮನೆಯಲ್ಲಿ ಅವ್ವನ ತುಟಿ ನೋಡಿ ಮಾತು ತಿಳಿದ ಹಾಗೆ ಇಲ್ಲಿ ನನ್ನ ತುಟಿ ನೋಡಿ ಹೇಳಿದ್ದವು. ಓದುವುದೆಂದರೆ ಇದೇ ಎಂದು ತಿಳಿದಿದ್ದವು. ನಾನೂ ಕಲಿಸುವುದೆಂದರೆ ಇದೇ ಎಂದು ತಿಳಿದಿದ್ದೆ. ಆರು ತಿಂಗಳು ಆ ತರಗತಿಯಲ್ಲಿ ಓದಿದವಳು ನಾನೊಬ್ಬಳೇ.

ಕೊನೆಗೆ ಗೋಡೆಯ ಬದಿಗೆ ಕೂತಿದ್ದ ಮಾಯವ್ವ ಉಳಿದಳು. ಎಬ್ಬಿಸಿದೆ. ಎದ್ದಳು, ಮುಖ ಹುಗಿದಳು, ಬೆರಳಿಟ್ಟಳು. "ಬಾ... ವಿ... ಯ... ಬಾವಿಯ... ನೀ... ರು..." ನಾನು ಬಾಯಿ ಮುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕಲಿಸದ ಪಾಠದ ನಾಲ್ಕು ಸಾಲನ್ನು ಬೆವರುತ್ತ ಓದಿದಳು. ಪ್ರತಿ ಅಕ್ಷರವೂ ಸರಿಯಿತ್ತು. ನಾಲ್ಕನೆಯ ಸಾಲು ಮುಗಿಸಿ, ಬೈಗುಳಕ್ಕೆ ಕಾಯುವವಳ ಹಾಗೆ ತಲೆ ಎತ್ತಿದಳು.

"ಕೂಡು," ಎಂದೆ. ಶಾಬಾಸ್ ಅನ್ನಲಿಲ್ಲ. ಅಂದಿದ್ದರೆ ಉಳಿದ ಇಪ್ಪತ್ಮೂರರ ಬಗ್ಗೆಯೂ ಏನಾದರೂ ಅನ್ನಬೇಕಾಗುತ್ತಿತ್ತು.

ಶಾಲೆ ಬಿಟ್ಟಿತು. ಗೋದಾಮು ನಮ್ಮ ಶಾಲೆಯಿಂದ ಕೂಗಳತೆಯಲ್ಲಿದೆ. ಹೋಗಿ ಬೋರವ್ವನಿಗೆ, ನಾನು ಹೇಳಿದ್ದು ತಪ್ಪು, ನಿನ್ನ ಮಗಳಿಗೆ ಓದು ಬರುತ್ತದೆ ಎನ್ನಬಹುದಿತ್ತು. ಶಿದ್ರಾಮಪ್ಪನವರ ಮುಂದೆ ನಿಂತು ಸೋಮವಾರದ ಪಾಠ ಬೇಡ ಎನ್ನಬಹುದಿತ್ತು. ಎರಡಕ್ಕೂ ಕಾಲು ಏಳಲಿಲ್ಲ. ಹದಿನಾರು ವರ್ಷ ಮಂದಿಯ ನಗುವನ್ನು ನುಂಗಿ ಈಗಷ್ಟೇ ತಲೆ ಎತ್ತಿದ್ದೆ, ಇನ್ನೆರಡು ದಿನ ಎತ್ತಿಕೊಂಡೇ ಇರಬೇಕು ಅನ್ನಿಸಿತು. ಸೋಮವಾರ ಒಂದು ಮುಗಿಯಲಿ, ಮಂಗಳವಾರ ಬೋರವ್ವನ ಮನೆಗೆ ಹೋದರಾಯಿತು, ಮಂಗಳವಾರದಿಂದ ಮಕ್ಕಳಿಗೆ ಅ ಆ ಇ ಈಯಿಂದ ಶುರು ಮಾಡಿದರಾಯಿತು ಎಂದು ಲೆಕ್ಕ ಹಾಕಿದೆ. ರವಿವಾರ ಇಡೀ ದಿನ ಮನೆಯಲ್ಲೇ ಇದ್ದೆ. ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಕನ್ನಡಿಯ ಮುಂದೆ ಕೂತು ಪುಸ್ತಕವಿಡೀ ತುಟಿಯಲ್ಲಿ ಓದಿದೆ, ದನಿಯಿಲ್ಲದೆ, ಸ್ಪಷ್ಟವಾಗಿ, ಮಕ್ಕಳಿಗಿಂತ ಒಂದು ಶಬ್ದ ಮುಂದಾಗಿ. ಅಲ್ಲಿಯವರೆಗೆ ಗೊತ್ತಿಲ್ಲದೆ ಮಾಡಿದ್ದನ್ನು ಅವತ್ತು ಗೊತ್ತಿದ್ದೂ ಕಲಿತೆ.

ಸೋಮವಾರ ಹನ್ನೊಂದಕ್ಕೆ ಎರಡು ಜೀಪು ಬಂದವು. ಗೋಡೆಯ ಬದಿಯ ಜಾಗ ಖಾಲಿಯಿತ್ತು, ಶಿದ್ರಾಮಪ್ಪನವರು ಅಲ್ಲಿ ಹೂಕುಂಡ ಇಡಿಸಿದ್ದರು. ಸಾಹೇಬರು ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಮಕ್ಕಳ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಮುಂದೆ ನಿಲ್ಲುತ್ತೇನೆ, ನೀವು ಹಿಂದೆ ಹೋಗಿ ಎಂದು ಅವರು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಆಗದಿರಲಿ ಎಂದು ದೇವರಿಗೆ ಕೈ ಮುಗಿದಿದ್ದೆ.

"ಕಲಿಸಿದ ಪಾಠ ಬ್ಯಾಡ್ರಿ ಮೇಡಂ. ಇದು," ಎಂದು ಅವರು ತಾವೇ ಪುಟ ಆರಿಸಿದರು.

ಅಜಯ ಎದ್ದ. ನಾನು ತುಟಿ ಆಡಿಸಿದೆ, ಅವನು ಓದಿದ. ಎರಡನೆಯವಳು ಓದಿದಳು, ಮೂರನೆಯವನು ಓದಿದ. ಮಗ್ಗದ ಸಪ್ಪಳ ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿತ್ತು. ಕರೆಂಟು ಹೋಗಲಿಲ್ಲ, ಯಾರೂ ಕೆಮ್ಮಲಿಲ್ಲ, ನನ್ನ ಕೈ ನಡುಗಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ಬೇರೆಯವರ ಮುಂದೆ ನಾನು ಹೆದರದೆ ನಿಂತಿದ್ದೆ, ಮತ್ತು ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಕಣ್ಣು ಮಿಟುಕಿಸದೆ ನನ್ನ ಬಾಯಿ ನೋಡುತ್ತಿದ್ದ ಆ ಮುಖಗಳನ್ನು ನೋಡಲಾರದೆ ಹೂಕುಂಡದ ಕಡೆ ತಿರುಗಿದರೆ ಓದು ತಪ್ಪುತ್ತಿತ್ತು. ಮತ್ತೆ ಅವುಗಳ ಕಡೆಗೇ ತಿರುಗುತ್ತಿದ್ದೆ.

ಪಾಠ ಮುಗಿದ ಮೇಲೆ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಪುಸ್ತಕದಾಗ ತಲಿ ಹುಗಿದು ಅಕ್ಷರ ಎಣಿಸೋ ಮಗು ಒಂದೂ ಇಲ್ಲ ನೋಡ್ರಿ ಇಲ್ಲಿ. ಎಲ್ಲಾ ತಲಿ ಎತ್ತಿ, ಟೀಚರ್ ಮುಖ ನೋಡ್ಕೋತ ಓದ್ತಾವ. ಮೇಡಂ ಅವರೂ ಮಕ್ಕಳ ಜೋಡಿ ಬಾಯಿ ಆಡಸ್ತಾರ. ತಾಯಿ ಕೂಸಿಗೆ ತುತ್ತು ಕೊಡುವಾಗ ತಾನೂ ಬಾಯಿ ತೆರೀತಾಳಲ್ಲ, ಹಂಗ."

ಎಲ್ಲರೂ ನಕ್ಕು ಮತ್ತೆ ಚಪ್ಪಾಳೆ ತಟ್ಟಿದರು. ನನ್ನ ಕೊರಳಿಗೆ ಹಾರ ಬಿತ್ತು. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ಪೇಪರಿನವನೊಬ್ಬ ಫೋಟೋ ತೆಗೆದ. ಜನವರಿಯಲ್ಲಿ ನಾಲ್ಕೂ ಕಡೆ ತರಬೇತಿ ಎಂದು ಅಲ್ಲಿಯೇ ನಿಕ್ಕಿಯಾಯಿತು.

ಮಂಗಳವಾರ ಮಾಯವ್ವ ಬರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗೋದಾಮಿಗೆ ಓಡಿದೆ. ಬೋರವ್ವ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಸೆರಗು ಹೊದ್ದು ಹಿಗ್ಗಿನಿಂದ ಬಂದಳು.

"ಬರ್ರಿ ಅಕ್ಕೋರ! ಪೇಪರಿನ್ಯಾಗ ನಿಮ್ಮ ಫೋಟೋ ಬಂದೈತಂತ. ಓಣಿ ತುಂಬ ನಿಮ್ಮದ ಮಾತ್ರಿ."

"ಮಾಯವ್ವ ಎಲ್ಲಿ?"

"ಊರಿಗೆ ಕಳಿಸಿಬಿಟ್ವಿರಿ. ರವಿವಾರ ನಮ್ಮಣ್ಣ ಬಂದಿದ್ದ, ಜೋಡಿ ಹೋದ್ಲು."

ರವಿವಾರ. ನಾನು ಕನ್ನಡಿಯ ಮುಂದೆ ಕೂತಿದ್ದ ದಿನ. ಅಲ್ಲೇ ಇದ್ದ ನೂಲಿನ ಚೀಲದ ಮೇಲೆ ಕುಳಿತೆ.

"ಬೋರವ್ವ, ನಾ ಹೇಳಿದ್ದು ತಪ್ಪು. ಆಕಿಗೆ ಓದಾಕ ಬರ್ತೈತಿ. ಇಡೀ ಕ್ಲಾಸಿನ್ಯಾಗ ಆಕಿ ಒಬ್ಬಾಕಿಗೇ ಬರ್ತೈತಿ. ಉಳದ ಯಾರಿಗೂ ಬರಂಗಿಲ್ಲ. ನನ್ನಾಣಿ."

ಬೋರವ್ವ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಟ್ಟಿರಲಿಲ್ಲ, ಪ್ರೀತಿಯಿತ್ತು. ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಇರಲಿ ಬಿಡ್ರಿ ಅಕ್ಕೋರ. ನಿಮಗ ಕೆಟ್ಟ ಅನಿಸೇತಿ, ಅದಕ್ಕ ಹಿಂಗ ಅಂತೀರಿ. ನಿನ್ನೆ ಅಷ್ಟ ದೊಡ್ಡ ಸಾಹೇಬರು ಬಂದು, ಇವರಂಥ ಟೀಚರ್ ಇಲ್ಲ ಅಂತ ಹಾರ ಹಾಕಿ ಹೋದ್ರು. ಮಕ್ಕಳೆಲ್ಲಾ ಹೆಂಗ ಓದಿದ್ವು ಅಂತ ನಾನೂ ಗೇಟಿನ್ಯಾಗ ನಿಂತ ಕೇಳೀನ್ರಿ. ಅಂಥಾ ನೀವ ಕಲಿಸಿ ಹತ್ತಲಿಲ್ಲಂದ್ರ ಆಕಿ ಹಣೇಬಾರ್ರಿ. ಹೊಟ್ಟ್ಯಾಗ ಒಂದೀಟ ಸಂಕಟ ಇತ್ತ, ನಿನ್ನೆ ಅದೂ ಹೋತು."

ಗಣಿತದ ಪುಸ್ತಕದ ವಿಷಯ ಹೇಳಿದೆ, ತುಟಿಯ ವಿಷಯ ಹೇಳಿದೆ. ಶಿದ್ರಾಮಪ್ಪನವರಿಗೂ ಹೇಳುತ್ತೇನೆ, ಸಾಹೇಬರಿಗೂ ಬರೆಯುತ್ತೇನೆ ಎಂದೆ. ಅವಳು ತಲೆಯಾಡಿಸುತ್ತ ಕೇಳಿದಳು. ಒಂದು ಮಾತನ್ನೂ ನಂಬಲಿಲ್ಲ. ನನ್ನ ಸಮಾಧಾನಕ್ಕೆಂದು ಕಡೆಗೆ ಅಣ್ಣನ ನಂಬರಿಗೆ ಫೋನು ಹಚ್ಚಿಕೊಟ್ಟಳು. ಆ ಕಡೆ ಎಮ್ಮೆಯ ಕೂಗು, ಕೂಸಿನ ಅಳು, ಯಾರೋ ಮಾಯವ್ವನನ್ನು ಕರೆಯುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಹತ್ತಿರ ಬಂತು.

"ಮಾಯವ್ವ, ನಾನು ನೇತ್ರಾ ಅಕ್ಕೋರು. ಶನಿವಾರ ನೀ ಛಲೋ ಓದಿದಿ ಗೊತ್ತೇನು? ಒಂದೂ ತಪ್ಪಿರಲಿಲ್ಲ. ನಾಳೆ ನಾನ ಬೆಳಗಲಿಗೆ ಬಂದು ಕರ್ಕೊಂಡ ಬರ್ತೀನಿ. ಪುಸ್ತಕ ಐತಿಲ್ಲೋ ನಿನ್ನ ಹತ್ರ? ಇಲ್ಲಂದ್ರ ಅಲ್ಲಿ ಎದುರಿಗೆ ಏನರ ಬರದದ್ದ ಐತೇನ ನೋಡು. ಗೋಡಿ ಮ್ಯಾಲ, ಹಿಂಡಿ ಚೀಲದ ಮ್ಯಾಲ. ಒಂದ ಸಾಲ ಓದು ನನ್ನವ್ವ, ನಿಮ್ಮವ್ವ ಇಲ್ಲೇ ಕೇಳಾಕತ್ತಾಳ."

ಫೋನನ್ನು ಬೋರವ್ವನಿಗೂ ಕೇಳಿಸುವ ಹಾಗೆ ನಡುವೆ ಹಿಡಿದೆ. ಅವಳು ಎದುರಿಗೆ ಏನನ್ನೋ ನೋಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಿತ್ತು. "ಪ..." ಎಂದಳು ಒಮ್ಮೆ, ಪಿಸುದನಿಯಲ್ಲಿ. ಆಮೇಲೆ ನಿಲ್ಲಿಸಿದಳು.

"ಇಲ್ರಿ ಅಕ್ಕೋರ," ಎಂದಳು ಮಾಯವ್ವ. "ನನಗ ಓದಾಕ ಬರಂಗಿಲ್ರಿ. ನೀವ ಅವ್ವಗ ಹೇಳಿದ್ದ ನಾ ಕೇಳೀನ್ರಿ."

ಮತ್ತೆ ಕೂಸು ಅತ್ತಿತು. ಅವಳು ಫೋನು ಇಟ್ಟು ಹೋದಳು.